ಅಘನಾಶಿನಿ ಕಣಿವೆಯಲ್ಲಿ ಮೂರು ದಿನ: ನಿಧಾನವಾಗಿ ನೋಡಬಯಸುವವರಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಒಂದು ಎಳೆ, ಮಂಜುಗುಣಿಯ ಕಡೆಯಲ್ಲಿ ಇನ್ನೊಂದು ಎಳೆ ಹುಟ್ಟಿ, ಎರಡೂ ಮುತ್ತಳ್ಳಿಯ ಹತ್ತಿರ ಕೂಡಿ ಅಘನಾಶಿನಿಯಾಗುತ್ತವೆ. ಅಲ್ಲಿಂದ ಮುಂದೆ ಸಿದ್ದಾಪುರ ತಾಲೂಕಿನ ಕಾನುಗಳ, ಅಂದರೆ ನಿತ್ಯಹಸಿರಿನ ದಟ್ಟ ಕಾಡುಗಳ, ನಡುವೆ ಇಳಿದು, ಘಟ್ಟದ ಬುಡ ಮುಟ್ಟಿ, ಕುಮಟಾ ತಾಲೂಕಿನ ಉಪ್ಪುನೀರಿನ ಗಜನಿ ಗದ್ದೆಗಳನ್ನು ದಾಟಿ ತದಡಿಯ ಬಳಿ ಅರಬ್ಬಿ ಸಮುದ್ರ ಸೇರುವವರೆಗೆ ಈ ನದಿ ಹರಿಯುವ ದೂರ ಸುಮಾರು 117 ಕಿಲೋಮೀಟರ್. ಇಷ್ಟು ದೂರದಲ್ಲಿ ಅದಕ್ಕೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ದಕ್ಷಿಣಕ್ಕೆ ಶರಾವತಿ, ಉತ್ತರಕ್ಕೆ ಕಾಳಿ, ಎರಡೂ ಜಲಾಶಯಗಳ ಸರಣಿಯಾಗಿ ಬಹಳ ಕಾಲವಾಯಿತು. ನಡುವಿನ ಅಘನಾಶಿನಿ ಮಾತ್ರ ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವುದನ್ನೂ ಬೇಸಿಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಜಾರುವುದನ್ನೂ ಇನ್ನೂ ಬಿಟ್ಟಿಲ್ಲ. ವಿದ್ಯುತ್ ಯೋಜನೆಗಳೂ ನದಿ ತಿರುಗಿಸುವ ಪ್ರಸ್ತಾಪಗಳೂ ಬಂದಾಗಲೆಲ್ಲ ಕಣಿವೆಯ ಜನ ಎದ್ದು ನಿಂತು ವಿರೋಧಿಸಿದ್ದಾರೆ. ಪ್ರವಾಸಿಯಾಗಿ ಹೋಗುವ ನಾವು ನೋಡುವ ಜಲಪಾತ, ಸಿಂಗಳೀಕ, ಅಳಿವೆಯ ಬಳಚು (ಚಿಪ್ಪುಜೀವಿ) ಎಲ್ಲವೂ ಹೀಗೆ ತಡೆಯಿಲ್ಲದೆ ಹರಿಯುವ ನೀರಿನ ಫಲವೆಂಬುದು ತಲೆಯಲ್ಲಿದ್ದರೆ ನೋಡುವ ರೀತಿಯೇ ಬೇರೆಯಾಗುತ್ತದೆ.

ಈ ಕಣಿವೆಗೆ ಬರುವ ಬಹುಪಾಲು ಮಂದಿ ಜೋಗಕ್ಕೆ ಹೋಗುವ ದಾರಿಯಲ್ಲಿ ಒಂದು ತಾಸು ಬಿಡುವು ಮಾಡಿಕೊಂಡು ಉಂಚಳ್ಳಿ ಜಲಪಾತ ನೋಡಿ, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಹಾಗೆ ಬಂದವರಿಗೆ ಕಣಿವೆ ಸಿಗುವುದಿಲ್ಲ. ಕನಿಷ್ಠ ಎರಡು ರಾತ್ರಿ ಒಂದೇ ಊರಿನಲ್ಲಿ ಉಳಿದು, ಬೆಳಗ್ಗೆ ಮತ್ತು ಸಂಜೆ ನಡೆದು, ಮೂರನೆಯ ದಿನ ನದಿಯ ಜೊತೆಗೇ ಘಟ್ಟ ಇಳಿಯಬೇಕೆಂಬುದು ನನ್ನ ಸಲಹೆ. ಈ ಮಾರ್ಗದರ್ಶಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಿ

ಎಲ್ಲಕ್ಕಿಂತ ಮುಂಚೆ ಯಾವ ತಿಂಗಳು ಹೋಗಬೇಕೆಂಬುದನ್ನು ತೀರ್ಮಾನಿಸಬೇಕು, ಏಕೆಂದರೆ ಮುಂದಿನ ತಯಾರಿಯೆಲ್ಲ ಅದರ ಮೇಲೆ ನಿಂತಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯದೇ ರಾಜ್ಯ. ನದಿ ತುಂಬಿ ಹರಿಯುವುದನ್ನು ನೋಡಬೇಕೆಂಬ ಆಸೆಯಿಂದ ಜುಲೈನಲ್ಲಿ ಬಂದು, ಉಂಚಳ್ಳಿಯ ವೀಕ್ಷಣಾ ಕಟ್ಟೆಯ ಮೇಲೆ ಎರಡು ತಾಸು ನಿಂತು, ಮಂಜು ಸರಿಯದೆ ಬರಿಯ ಭೋರ್ಗರೆತವನ್ನಷ್ಟೇ ಕೇಳಿ ಹಿಂದಿರುಗಿದವರು ಎಷ್ಟೋ ಮಂದಿ. ಆ ಜಲಪಾತಕ್ಕೆ ಊರವರು ಕೆಪ್ಪ ಜೋಗವೆಂದು ಹೆಸರಿಟ್ಟದ್ದು ಕಿವಿ ಕೆಪ್ಪಾಗಿಸುವ ಆ ಸದ್ದಿನಿಂದಲೇ; ಹಾಗಾಗಿ ಕೇಳುವುದಕ್ಕೆಂದೇ ಮಳೆಗಾಲದಲ್ಲಿ ಬರುವುದಾದರೆ ಅದೂ ಒಂದು ಅನುಭವವೇ. ಆದರೆ ನಡಿಗೆಗೆ ಇದು ಕಾಲವಲ್ಲ. ಹಳ್ಳಗಳು ಒಂದು ತಾಸಿನೊಳಗೆ ಏರುತ್ತವೆ, ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿಯುತ್ತದೆ, ಉಂಬಳದ (ಜಿಗಣೆಯ) ಕಾಟವಂತೂ ಹೇಳತೀರದು.

ಅಕ್ಟೋಬರ್ ಎರಡನೆಯ ವಾರದಿಂದ ಡಿಸೆಂಬರ್ ಕೊನೆಯವರೆಗಿನ ಅವಧಿಯೇ ಅತ್ಯುತ್ತಮ. ನೀರು ಇನ್ನೂ ಸಾಕಷ್ಟಿರುತ್ತದೆ, ಮಂಜು ಹತ್ತು ಗಂಟೆಯ ಹೊತ್ತಿಗೆ ಕರಗುತ್ತದೆ, ಕಾಡಿನ ಹಸಿರು ತೊಳೆದಿಟ್ಟಂತಿರುತ್ತದೆ. ಜನವರಿ, ಫೆಬ್ರುವರಿಯಲ್ಲಿ ಜಲಪಾತ ಸೊರಗುತ್ತದಾದರೂ ಊರು ನೋಡುವುದಕ್ಕೆ ಅದರಷ್ಟು ಚಂದದ ಕಾಲ ಇನ್ನೊಂದಿಲ್ಲ: ಅಂಗಳದ ತುಂಬ ಅಡಿಕೆ, ಅಲ್ಲಲ್ಲಿ ಆಲೆಮನೆಯ ಹೊಗೆ, ಹಳ್ಳದ ದಂಡೆಯ ಅಪ್ಪೆಮರಗಳಲ್ಲಿ ಎಳೆ ಮಿಡಿ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಹೆಚ್ಚು, ಡಿಸೆಂಬರ್ ಹೊತ್ತಿಗೇ ಶುರುವಾಗುವ ಮಂಗನ ಕಾಯಿಲೆಯ ಆತಂಕವೂ ಇರುತ್ತದೆ. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ. ಮೇ ಕೊನೆಯಲ್ಲಿ ಮೊದಲ ಮಳೆ ಬಿದ್ದ ಮೇಲಿನ ಕೆಲವು ರಾತ್ರಿಗಳಲ್ಲಿ ಮರಕ್ಕೆ ಮರವೇ ಮಿಂಚುಹುಳುಗಳಿಂದ ಹೊತ್ತಿ ಆರುವ ದೃಶ್ಯಕ್ಕಾಗಿಯೇ ಬರುವವರೂ ಉಂಟು.

ತಲುಪುವುದು ಹೇಗೆ

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್. ರಾತ್ರಿ ಹೊರಟ ಬಸ್ಸು ಬೆಳಗ್ಗೆ ತಲುಪಿಸುತ್ತದೆ. ರೈಲನ್ನೇ ಇಷ್ಟಪಡುವವರು ತಾಳಗುಪ್ಪಕ್ಕೆ ಬಂದಿಳಿದರೆ ಅಲ್ಲಿಂದ ಸಿದ್ದಾಪುರ 15 ಕಿಲೋಮೀಟರ್ ಆಸುಪಾಸಿನಲ್ಲಿದೆ. ಮಂಗಳೂರು, ಉಡುಪಿ, ಗೋವಾ ಕಡೆಯವರಿಗೆ ಕೊಂಕಣ ರೈಲ್ವೆಯ ಕುಮಟಾ ನಿಲ್ದಾಣ ಅನುಕೂಲ. ವಿಮಾನದಲ್ಲಿ ಬರುವವರು ಹುಬ್ಬಳ್ಳಿಯಲ್ಲಿ ಇಳಿಯಬಹುದು.

ನನ್ನ ಮಟ್ಟಿಗೆ ಹೇಳುವುದಾದರೆ, ತಾಳಗುಪ್ಪದಲ್ಲಿ ಇಳಿದು ಕಣಿವೆಯನ್ನು ಮೇಲಿನಿಂದ ಪ್ರವೇಶಿಸಿ, ಕುಮಟಾದಲ್ಲಿ ರೈಲು ಹತ್ತಿ ಹಿಂದಿರುಗುವುದು ಎಲ್ಲಕ್ಕಿಂತ ಸೊಗಸಾದ ಯೋಜನೆ. ನೀರು ಹೋದ ದಾರಿಯಲ್ಲೇ ನಾವೂ ಹೋದಂತಾಗುತ್ತದೆ, ಹೋದ ರಸ್ತೆಯಲ್ಲೇ ಮರಳಬೇಕಾದ ಬೇಸರವೂ ಇರುವುದಿಲ್ಲ. ಸ್ವಂತ ವಾಹನವಿದ್ದರೆ ಒಳದಾರಿಗಳಿಗೆ ಸುಲಭ, ನಿಜ. ಆದರೆ ಶಿರಸಿ ಮತ್ತು ಸಿದ್ದಾಪುರದಿಂದ ಹೆಗ್ಗರಣೆಯ ಕಡೆಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕುಳಿತರೆ ಊರಿನ ಅರ್ಧ ಪರಿಚಯ ಬಸ್ಸಿನಲ್ಲೇ ಆಗಿಬಿಡುತ್ತದೆ. ಹಳ್ಳಿ ಬಸ್ಸುಗಳ ಸಂಖ್ಯೆ ಕಡಿಮೆಯಾದ್ದರಿಂದ ನಿಲ್ದಾಣದಲ್ಲಿ ಇಳಿದ ಕೂಡಲೇ ಹೋಗುವ ಬಸ್ಸಿನ ಜೊತೆಗೆ ಮರಳಿ ಬರುವ ಬಸ್ಸಿನ ವೇಳೆಯನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಉಳಿಯುವ ಮನೆ

ಕಣಿವೆಯ ಒಳಗೆ ದೊಡ್ಡ ಹೋಟೆಲುಗಳಿಲ್ಲ. ಅಡಿಕೆ ತೋಟದ ಮನೆಗಳವರು ನಡೆಸುವ ಹೋಮ್‌ಸ್ಟೇಗಳಿವೆ. ಉಂಚಳ್ಳಿಗೆ ಹತ್ತಿರವಾಗಿ ಇರಬೇಕೆಂದರೆ ಹೆಗ್ಗರಣೆಯ ಸುತ್ತಮುತ್ತ ಹುಡುಕಿ. ಮುಂಚಿತವಾಗಿ ಫೋನು ಮಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೀರಿ, ಊಟಕ್ಕೆ ಏನಾದರೂ ಪಥ್ಯವಿದೆಯೇ ಎಂಬುದನ್ನು ಹೇಳಬೇಕು. ಕತ್ತಲಾಗುವ ಮೊದಲೇ ಮನೆ ತಲುಪುವುದು ಅಗತ್ಯ. ಹಲವೆಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೇ ಇರುತ್ತದೆ, ದಾರಿ ತಪ್ಪಿದರೆ ಕೇಳಲು ಜನ ಸಿಗಲಿಕ್ಕಿಲ್ಲ. ಆಫ್‌ಲೈನ್ ನಕ್ಷೆಯನ್ನು ಊರಿನಿಂದ ಹೊರಡುವಾಗಲೇ ಫೋನಿಗೆ ಇಳಿಸಿಕೊಂಡಿರಿ. ಕೈಯಲ್ಲಿ ಸ್ವಲ್ಪ ನಗದೂ ಇರಲಿ.

ಮನೆಗೆ ಕಾಲಿಟ್ಟ ಕೂಡಲೇ ಮೊದಲು ಬರುವ ಮಾತು ‘ಆಸರಿಗೆ ಎಂತ ಬೇಕು?’ ಎಂಬುದು. ದಣಿದು ಬಂದವರ ಬಾಯಾರಿಕೆಗೆ ಏನು ಕೊಡಲಿ ಎಂದು ಅದರ ಅರ್ಥ. ಬೇಡವೆನ್ನಬೇಡಿ, ಮುರುಗಲು ಹಣ್ಣಿನ ಪಾನಕವೋ ಮಜ್ಜಿಗೆಯೋ ಬೆಲ್ಲದ ಜೊತೆ ನೀರೋ ಬರುತ್ತದೆ, ಆ ಲೋಟ ಖಾಲಿಯಾಗುವಷ್ಟರಲ್ಲಿ ಮಾತು ತಾನಾಗಿ ಶುರುವಾಗಿರುತ್ತದೆ. ಹವ್ಯಕರ ಮನೆಗಳಲ್ಲಿ ಅಡುಗೆಮನೆ ಮತ್ತು ದೇವರ ಕೋಣೆಗೆ ಮಡಿಯ ಕಟ್ಟುಪಾಡು ಇರಬಹುದಾದ್ದರಿಂದ ಕರೆಯದೆ ಒಳಗೆ ಹೋಗಬಾರದು. ಮದ್ಯ, ಮಾಂಸದ ವಿಚಾರದಲ್ಲಿ ಮನೆಯ ರೀತಿ ಏನೆಂಬುದನ್ನು ಮೊದಲೇ ಕೇಳಿ ತಿಳಿದು ಹಾಗೆಯೇ ನಡೆದುಕೊಳ್ಳುವುದು ಮರ್ಯಾದೆ.

ಊಟದ ವಿಷಯಕ್ಕೆ ಬಂದರೆ, ಪೇಟೆಯಲ್ಲಿ ಸಿಗುವ ತಿಂಡಿಯನ್ನು ಇಲ್ಲಿ ಕೇಳಬೇಡಿ; ಆ ದಿನ ಆ ಮನೆಯಲ್ಲಿ ಆಗಿರುವುದನ್ನೇ ಉಣ್ಣಿ. ಅಪ್ಪೆಮಿಡಿಯ ಸೊನೆಯ ಪರಿಮಳವಿರುವ ಅಪ್ಪೆಹುಳಿ, ಒಂದೆಲಗದ ತಂಬುಳಿ, ಕೆಸುವಿನೆಲೆಯ ಕರಕಲಿ, ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ಇವೆಲ್ಲ ತೋಟ ಮತ್ತು ಹಳ್ಳದ ದಂಡೆಯಿಂದ ನೇರವಾಗಿ ಬಾಳೆಲೆಗೆ ಬಂದವು. ಉತ್ತರ ಕನ್ನಡದ ಅಪ್ಪೆಮಿಡಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಇಂಥ ಮಾವಿನ ಮರಗಳು ಹೆಚ್ಚಾಗಿ ಬೆಳೆಯುವುದು ಹೊಳೆ ಹಳ್ಳಗಳ ದಂಡೆಯಲ್ಲೇ; ನೆಲ ಸದಾ ತಂಪಾಗಿರಬೇಕು ಅವಕ್ಕೆ.

ಚೀಲದಲ್ಲಿ ಏನಿರಬೇಕು

ಉದ್ದ ತೋಳಿನ ಅಂಗಿ, ದಪ್ಪ ಬಟ್ಟೆಯ ಪ್ಯಾಂಟು, ಜಾರದ ತಳದ ಬೂಟು, ಮೊಣಕಾಲಿನವರೆಗೆ ಬರುವ ಕಾಲುಚೀಲ, ಟಾರ್ಚ್, ನೀರಿನ ಬಾಟಲಿ, ಒಂದು ಕೊಡೆ. ದುರ್ಬೀನು ಇದ್ದರೆ ತಪ್ಪದೆ ತನ್ನಿ. ಈ ಕಾಡಿನ ಮುಖ್ಯ ಜೀವಿಗಳೆಲ್ಲ ಮರದ ನೆತ್ತಿಯಲ್ಲಿರುತ್ತವೆ. ಬಟ್ಟೆಯ ಬಣ್ಣ ಮಾಸಲು ಹಸಿರೋ ಕಂದೋ ಆಗಿರಲಿ. ಸುಗಂಧ ದ್ರವ್ಯ ಬೇಡ.

ಉಂಬಳಕ್ಕೆ ಊರವರ ಉಪಾಯವೇ ಒಳ್ಳೆಯದು. ಸುಣ್ಣ ಮತ್ತು ಹೊಗೆಸೊಪ್ಪನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು, ಹತ್ತಿದ ಉಂಬಳಕ್ಕೆ ಅದನ್ನು ತಾಗಿಸಿದರೆ ಉದುರಿ ಬೀಳುತ್ತದೆ. ಎಳೆದು ಕಿತ್ತರೆ ಗಾಯ ತುರಿಸುತ್ತ ಉಳಿಯುತ್ತದೆ. ಉಂಬಳ ಕಚ್ಚಿದ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ನಿಲ್ಲದೆ ಸೋರುವುದು ಸಹಜ, ಗಾಬರಿಯಾಗಬೇಕಾಗಿಲ್ಲ.

ಗಾಬರಿಯಾಗಬೇಕಾದದ್ದಲ್ಲದಿದ್ದರೂ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಉಣುಗು, ಅಂದರೆ ಉಣ್ಣೆ ಹುಳು. ಮಂಗನ ಕಾಯಿಲೆಯೆಂದು ಹೆಸರಾದ ಕ್ಯಾಸನೂರು ಕಾಡಿನ ಜ್ವರ 1957ರಲ್ಲಿ ನೆರೆಯ ಸೊರಬ ತಾಲೂಕಿನಲ್ಲಿ ಮೊದಲು ಪತ್ತೆಯಾಯಿತು. ಸಿದ್ದಾಪುರ ತಾಲೂಕಿನ ಹಳ್ಳಿಗಳೂ ಅದರ ನೋವು ಉಂಡಿವೆ. ವೈರಸ್ಸು ಹರಡುವುದು ಸೋಂಕಿತ ಉಣುಗು ಕಚ್ಚುವುದರಿಂದ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಒಣಗಿದ ಎಲೆಗಳು ನೆಲ ಮುಚ್ಚಿರುವ ಕಾಲದಲ್ಲಿ, ಸಾಸಿವೆಗಿಂತ ಚಿಕ್ಕ ಮರಿ ಉಣುಗುಗಳು ದರಕಿನಲ್ಲಿ ಕಾದಿರುತ್ತವೆ. ಈ ತಿಂಗಳುಗಳಲ್ಲಿ ಬರುವವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಬೇಕು, ದರಕಿನ ಮೇಲೆ ಕುಳಿತುಕೊಳ್ಳಬಾರದು, ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಬಗ್ಗೆ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಕಾಡಿನಿಂದ ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ನೆನೆಸಿಡಿ. ಎಲ್ಲಿಯಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೂ ಆರೋಗ್ಯ ಸಿಬ್ಬಂದಿಗೂ ತಿಳಿಸಬೇಕು. ಮನೆಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಸಿದ್ದಾಪುರದ ಕಾಡಿಗೆ ಹೋಗಿದ್ದೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಪೇಟೆಯ ವೈದ್ಯರಿಗೆ ಈ ಸುಳಿವು ಸಿಗದೆ ದಿನಗಳು ಕಳೆದುಹೋಗುವುದೇ ದೊಡ್ಡ ಅಪಾಯ.

ಮೊದಲ ದಿನ: ತೋಟ ಮತ್ತು ಸೊಪ್ಪಿನ ಬೆಟ್ಟ

ಬಂದ ದಿನವೇ ಜಲಪಾತಕ್ಕೆ ಓಡಬೇಡಿ. ಸಂಜೆ ನಾಲ್ಕರ ಹೊತ್ತಿಗೆ ಮನೆಯವರನ್ನು ಕೇಳಿ ಅವರ ತೋಟಕ್ಕೆ ಇಳಿಯಿರಿ. ಈ ಕಣಿವೆಯ ವ್ಯವಸ್ಥೆ ಅರ್ಥವಾಗುವುದು ಅಲ್ಲಿ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ ಮತ್ತು ಏಲಕ್ಕಿ, ತೋಟದ ಮೇಲಂಚಿನಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಬೆಟ್ಟದ ಆಚೆ ಕಾನು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಕಾನು ಹಿಡಿದಿಟ್ಟ ನೀರು ಬೇಸಿಗೆಯಲ್ಲಿ ತೋಟಕ್ಕೆ ಸಿಗುತ್ತದೆ. ಕಾನು ಹೋದರೆ ಹಳ್ಳ ಬತ್ತುತ್ತದೆಂಬುದು ಇಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ತೋಟದಿಂದ ತೋಟಕ್ಕೆ ಹೋಗುವಾಗ ಬೇಲಿಯಲ್ಲಿ ದಣಪೆ ಸಿಗುತ್ತದೆ. ಅಡ್ಡಗಳುಗಳನ್ನು ಸರಿಸಿ ದಾಟಿದ ಮೇಲೆ ಅವನ್ನು ಇದ್ದ ಹಾಗೆಯೇ ಸೇರಿಸಬೇಕು. ತೆರೆದಿಟ್ಟ ಒಂದು ದಣಪೆಯಿಂದ ದನ ನುಗ್ಗಿದರೆ ಒಂದು ವರ್ಷದ ಬಾಳೆಗಿಡ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಹಳ್ಳ ದಾಟಲು ಹಾಕಿದ ಅಡಿಕೆ ಮರದ ಸಂಕದ ಮೇಲೆ ಒಬ್ಬರ ನಂತರ ಒಬ್ಬರು, ಪಾದ ಅಡ್ಡವಾಗಿಟ್ಟು ನಡೆಯಬೇಕು. ಮಳೆಗಾಲದ ಪಾಚಿ ಹಿಡಿದ ಸಂಕವಾದರೆ ದಾಟದಿರುವುದೇ ಲೇಸು. ನೆಲಕ್ಕೆ ಬಿದ್ದ ಅಡಿಕೆಯನ್ನಾಗಲಿ ಮಿಡಿಯನ್ನಾಗಲಿ ಕೇಳದೆ ಎತ್ತಬಾರದು.

ಡಿಸೆಂಬರ್, ಜನವರಿಯಲ್ಲಿ ಬಂದವರಿಗೆ ರಾತ್ರಿಯ ಊಟದ ಮುನ್ನ ಇನ್ನೊಂದು ದೃಶ್ಯ ಕಾದಿರುತ್ತದೆ. ಜಗಲಿಯಲ್ಲಿ ಹಾಸಿದ ಚಾಪೆಯ ಮೇಲೆ ಹಸಿ ಅಡಿಕೆಯ ರಾಶಿ. ಸುತ್ತ ಮೆಟ್ಟುಗತ್ತಿಗಳ ಮೇಲೆ ಒಂದು ಕಾಲು ಮಡಿಚಿಟ್ಟು ಕುಳಿತವರು ಅಡಿಕೆಯನ್ನು ಅಲಗಿಗೆ ಒತ್ತಿ ಎರಡು ಬಾರಿ ತಿರುಗಿಸುವಷ್ಟರಲ್ಲಿ ಸಿಪ್ಪೆ ಒಂದು ಕಡೆ, ಒಳಗಿನ ಅಡಿಕೆ ಒಂದು ಕಡೆ. ಕೈಬೆರಳುಗಳೆಲ್ಲ ಚೊಗರಿನಿಂದ ಕಪ್ಪಾಗಿರುತ್ತವೆ. ಕಣ್ಣು ಮಾತ್ರ ಮಾತನಾಡುತ್ತಿರುವವರ ಮುಖದ ಮೇಲೆ. ಕತ್ತಿಯ ಕಡೆಗೆ ಒಬ್ಬರೂ ನೋಡುವುದಿಲ್ಲ. ಆಚೆ ಒಲೆಯ ಮೇಲಿನ ದೊಡ್ಡ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತ ಅದರ ಒಗರು ವಾಸನೆ ಇಡೀ ಅಂಗಳ ತುಂಬಿರುತ್ತದೆ. ಫೋಟೊ ತೆಗೆಯುವುದಾದರೆ ಒಂದು ಮಾತು ಕೇಳಿ ತೆಗೆಯಿರಿ. ಅದಕ್ಕಿಂತ ಹೆಚ್ಚಾಗಿ, ಅರ್ಧ ತಾಸು ಅವರ ಜೊತೆ ಕುಳಿತುಕೊಳ್ಳಿ. ಮರುದಿನ ಸಿಂಗಳೀಕ ಎಲ್ಲಿ ಕಾಣಬಹುದು, ಯಾವ ಹಳ್ಳದ ಬಳಿ ಕಾಡುಕೋಣ ಬರುತ್ತಿದೆ, ಯಾವ ದಾರಿ ಬೇಡ ಎಂಬುದೆಲ್ಲ ತಿಳಿಯುವುದು ಆ ಜಗಲಿಯಲ್ಲೇ.

ಎರಡನೆಯ ದಿನ, ಬೆಳಗಿನ ನಡಿಗೆ: ಸಿಂಗಳೀಕದ ಕಾಡು

ಬೆಳಗ್ಗೆ ಆರು ಗಂಟೆಗೆ ಹೊರಡಿ. ಊರಿನ ರಸ್ತೆಯಲ್ಲೇ ನಡೆದರೂ ಸಾಕು. ಕಾಡಿನೊಳಗಿನ ಕಾಲುದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಈ ಪ್ರದೇಶವನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅದರ ವಿಸ್ತೀರ್ಣ 299.52 ಚದರ ಕಿಲೋಮೀಟರ್. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಚಾರಣ ಮಾಡಲೇಬೇಕೆಂದಿದ್ದರೆ ಸಿದ್ದಾಪುರದ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ, ಸ್ಥಳೀಯ ಮಾರ್ಗದರ್ಶಕರ ಜೊತೆಗೇ ಹೋಗಬೇಕು.

ಸಿಂಗಳೀಕ ಪಶ್ಚಿಮ ಘಟ್ಟದ ಕಾಡುಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಬದುಕಿಲ್ಲ. ಅದರ ನೆಲೆಯ ಉತ್ತರದ ತುದಿ ಈ ಕಣಿವೆ. ಕರಿಯ ಮೈ, ಮುಖದ ಸುತ್ತ ಬೂದು ಬೆಳ್ಳಿಯ ಕೇಸರ, ಬಾಲದ ತುದಿಯಲ್ಲಿ ಸಿಂಹದ್ದರಂತೆ ಒಂದು ಗೊಂಡೆ. ಊರ ಮಂಗದ ಹಾಗೆ ನೆಲಕ್ಕಿಳಿದು ಓಡಾಡುವ ಜೀವಿ ಅದಲ್ಲ. ದಿನದ ಬಹುಭಾಗ ಮರದಿಂದ ಮರಕ್ಕೆ ದಾಟುತ್ತ ಮೇಲೆಯೇ ಇರುತ್ತದೆ. ಆದ್ದರಿಂದ ಹುಡುಕುವಾಗ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಗಾಳಿಯಿಲ್ಲದೆ ಕೊಂಬೆ ಅಲುಗಿದ ಸದ್ದು, ಕಚ್ಚಿ ಬಿಟ್ಟ ಹಣ್ಣು ತಪ್ಪೆಂದು ಬಿದ್ದ ಸದ್ದು ಕೇಳಿದಲ್ಲಿ ನಿಂತುಬಿಡಿ. ಒಮ್ಮೆ ನಾನು ಹಾಗೆ ನಿಂತಾಗ ಉಪ್ಪಾಗೆ ಮರದ ಕವಲಿನಲ್ಲಿ ಒಂದು ತಾಯಿ ಕುಳಿತಿತ್ತು. ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, ಹುಳಿಯಾದ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು ಕೆಳಗೆ ಉದುರಿಸಿ, ಒಳಗಿನ ತಿರುಳು ಮೆತ್ತಿದ ಬೀಜವನ್ನು ಕೆನ್ನೆಯ ಚೀಲಕ್ಕೆ ತಳ್ಳುತ್ತಿತ್ತು. ಹೊಟ್ಟೆಗೆ ಅವಚಿಕೊಂಡ ಮರಿ ಆಗೀಗ ಕೈ ಚಾಚಿ ತಾಯಿಯ ಬಾಯಿಯ ಹತ್ತಿರ ಮೂಸುತ್ತಿತ್ತು. ಹತ್ತು ನಿಮಿಷ ಹಾಗೆಯೇ ಕಳೆಯಿತು. ಆಮೇಲೆ ಒಂದು ಕೂಗು ಕೇಳಿ ಇಡೀ ಗುಂಪು ಎಲೆಗಳ ಹಿಂದೆ ಕರಗಿಹೋಯಿತು. ಅದೇ ಉಪ್ಪಾಗೆಯ ಸಿಪ್ಪೆಯನ್ನು ಊರವರೂ ಮಳೆಗಾಲದಲ್ಲಿ ಸಂಗ್ರಹಿಸಿ ಒಣಗಿಸಿ ಮಾರುತ್ತಾರೆ. ಮರ ಒಂದೇ, ಆಶ್ರಯ ಪಡೆದವರು ಇಬ್ಬರು. ಮರದಲ್ಲಿ ಹಣ್ಣು ಉಳಿಸಿ ಕೊಯ್ಯುವ ಪದ್ಧತಿ ಇಲ್ಲಿ ಅಷ್ಟು ಮುಖ್ಯವಾಗಿರುವುದು ಅದಕ್ಕೇ.

ಯಾವ ಕಾರಣಕ್ಕೂ ಅವುಗಳಿಗೆ ತಿನ್ನಲು ಕೊಡಬೇಡಿ. ಹೊನ್ನಾವರದ ಕಡೆಗೆ ಇಳಿಯುವ ಮಾವಿನಗುಂಡಿ, ಮಲೆಮನೆ ಘಟ್ಟದ ರಸ್ತೆಯಲ್ಲಿ ಪ್ರವಾಸಿಗರು ಎಸೆಯುವ ತಿಂಡಿಗಾಗಿ ಮರದಿಂದ ಇಳಿಯುವುದನ್ನು ಕಲಿತ ಪ್ರಾಣಿಗೆ ವಾಹನದ ಚಕ್ರದ ಭಯವಿರುವುದಿಲ್ಲ. ನಿಮ್ಮ ಒಂದು ಬಾಳೆಹಣ್ಣು ಅದರ ಸಾವಿಗೆ ಕಾರಣವಾಗಬಹುದು. ಆ ರಸ್ತೆಯಲ್ಲಿ ಗಾಡಿ ನಿಧಾನವಾಗಿರಲಿ.

ಸಿಂಗಳೀಕ ಸಿಗದಿದ್ದರೂ ಬೆಳಗ್ಗೆ ವ್ಯರ್ಥವಾಗುವುದಿಲ್ಲ. ಗರಗಸದಿಂದ ಗಾಳಿ ಕೊಯ್ದಂತೆ ರೆಕ್ಕೆ ಬಡಿಯುತ್ತ ಹೋಗುವ ಮಂಗಟ್ಟೆ ಹಕ್ಕಿ, ಹಳ್ಳದ ಬದಿಯಲ್ಲಿ ಮನುಷ್ಯನೇ ಶಿಳ್ಳೆ ಹಾಕಿದನೇನೋ ಎನ್ನಿಸುವ ಮಲಬಾರ್ ಸಿಳ್ಳಾರ, ಕೊಂಬೆಯ ಮೇಲೆ ಬಾಲ ಜೋತುಬಿಟ್ಟು ಮಲಗಿದ ಕೆಂದಳಿಲು, ಮುಸುವಗಳ ಗುಂಪು ಇವುಗಳಲ್ಲಿ ಒಂದೆರಡಾದರೂ ಕಾಣಲೇಬೇಕು. ಕಾಡುಕೋಣ ಎದುರಾದರೆ ಸದ್ದಿಲ್ಲದೆ ಹಿಂದೆ ಸರಿದು ಅದಕ್ಕೆ ದಾರಿ ಬಿಡಬೇಕು, ಫೋಟೊದ ಆಸೆಗೆ ಮುಂದೆ ಹೋಗಬಾರದು. ಕಾಳಿಂಗ ಸರ್ಪದ ನೆಲೆಯೂ ಇದೇ ಆದ್ದರಿಂದ ಕಾಲಿಡುವ ಜಾಗವನ್ನು ನೋಡಿಯೇ ಇಡಿ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ಹಾವು ಕಚ್ಚಿದ್ದೇ ಆದರೆ ನಾಟಿ ಮದ್ದಿಗಾಗಿ ಹೊತ್ತು ಕಳೆಯದೆ ಸಿದ್ದಾಪುರ ಅಥವಾ ಶಿರಸಿಯ ಆಸ್ಪತ್ರೆಗೆ ಹೋಗಬೇಕು.

ಮಾರ್ಗದರ್ಶಕರು ಜೊತೆಗಿದ್ದು ಅನುಮತಿಯೂ ಸಿಕ್ಕರೆ ರಾಂಪತ್ರೆ ಜಡ್ಡಿಯೊಂದನ್ನು, ಅಂದರೆ ಕಾಡುಜಾಯಿಕಾಯಿ ಜಾತಿಯ ಮರಗಳ ಜೌಗನ್ನು, ತೋರಿಸಲು ಕೇಳಿ. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ನಿಂತ ಈ ಮರಗಳು ಉಸಿರಾಟಕ್ಕಾಗಿ ಬೇರುಗಳನ್ನು ಮಂಡಿ ಮಡಿಚಿದಂತೆ ಮೇಲಕ್ಕೆ ಬಾಗಿಸಿ ಮತ್ತೆ ಕೆಸರಿಗೆ ಇಳಿಸುತ್ತವೆ. ಪಶ್ಚಿಮ ಘಟ್ಟದ ಅತ್ಯಂತ ಹಳೆಯ ಕಾಡುಗಳ ಉಳಿಕೆಯಿದು, ಒಂದೊಂದು ಜಡ್ಡಿಯೂ ಕೆಲವೇ ಗುಂಟೆ ಅಥವಾ ಎಕರೆಗಳಷ್ಟು. ಕೆಸರಿನೊಳಗೆ ಇಳಿಯದೆ ಅಂಚಿನಲ್ಲೇ ನಿಂತು ನೋಡಬೇಕು. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇಂಥ ಜಡ್ಡಿಗಳಿಗೆ ಹೆಸರಾದದ್ದು. ಈ ಭಾಗದ ಹಳ್ಳಗಳಲ್ಲೇ ಕುಂಬಾರ ಕಪ್ಪೆಯೂ ಇದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಕಪ್ಪೆ ಮುಂಗಾಲುಗಳಿಂದ ಹಳ್ಳದ ತಳದ ಮಣ್ಣನ್ನು ತೋಡಿ ತಂದು, ಮೊಟ್ಟೆಗಳ ಮೇಲೆ ಕುಂಬಾರ ಮಡಕೆಗೆ ಮಣ್ಣು ಬಳಿದಂತೆ ಬಳಿಯುತ್ತದೆ. 2014ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ವರ್ಣಿಸುವಾಗ ಅದರ ವೈಜ್ಞಾನಿಕ ಹೆಸರಿಗೂ ‘ಕುಂಬಾರ’ ಎಂಬ ಕನ್ನಡ ಪದವನ್ನೇ ಇಟ್ಟರು.

ಎರಡನೆಯ ದಿನ, ಹತ್ತು ಗಂಟೆಯ ನಂತರ: ಉಂಚಳ್ಳಿ

ತಿಂಡಿ ಮುಗಿಸಿ, ಮಂಜು ಕರಗಿದ ಮೇಲೆ ಉಂಚಳ್ಳಿಗೆ ಹೊರಡುವುದು ಸರಿ. ಹೆಗ್ಗರಣೆಯಿಂದ ಸುಮಾರು 5 ಕಿಲೋಮೀಟರ್. ಗಾಡಿಯಲ್ಲಿ ಹೋಗುವ ದಾರಿಯಿದ್ದರೂ ನಡೆದೇ ಹೋಗಿ ಎನ್ನುತ್ತೇನೆ, ಸದ್ದು ಮರಗಳ ಹಿಂದೆ ಸ್ವಲ್ಪಸ್ವಲ್ಪವೇ ದಪ್ಪವಾಗುತ್ತ ಬರುವುದು ನಡೆಯುವವರಿಗೆ ಮಾತ್ರ ತಿಳಿಯುತ್ತದೆ. ಕೊನೆಯಲ್ಲಿ ಮೆಟ್ಟಿಲುಗಳಿವೆ, ಅಲ್ಲಲ್ಲಿ ಕಂಬಿ ಕಟ್ಟಿದ ವೀಕ್ಷಣಾ ಕಟ್ಟೆಗಳಿವೆ. ಹೊಳೆ ಇಲ್ಲಿ 116 ಮೀಟರ್ ಕೆಳಗೆ, ಕಾಡು ತುಂಬಿದ ಕಮರಿಗೆ ಧುಮುಕುತ್ತದೆ. 1845ರಲ್ಲಿ ಬ್ರಿಟಿಷ್ ಕಲೆಕ್ಟರ್ ಲುಷಿಂಗ್ಟನ್ ಇದನ್ನು ‘ಕಂಡುಹಿಡಿದ’ನೆಂದು ಅವನ ಹೆಸರನ್ನೂ ಇದಕ್ಕೆ ಇಟ್ಟಿದ್ದರು. ಊರವರು ಅದಕ್ಕೆ ಎಷ್ಟೋ ಮೊದಲಿನಿಂದ ಅದರ ಸದ್ದಿನಲ್ಲೇ ಮಲಗಿ ಏಳುತ್ತಿದ್ದರೆಂಬುದನ್ನು ಹೇಳಲೇಬೇಕು.

ಒಂದೇ ಕಟ್ಟೆಯಲ್ಲಿ ನಿಂತು ಮರಳಬೇಡಿ. ಮೇಲಿನ ಕಟ್ಟೆಯಿಂದ ಕಾಣುವುದು ಕಣಿವೆಯ ಅಗಲ, ಕೆಳಗಿನದರಿಂದ ಕಾಣುವುದು ನೀರಿನ ಭಾರ. ಕಂಬಿ ದಾಟಿ ಬಂಡೆಗೆ ಇಳಿಯುವುದು, ತಳಕ್ಕೆ ಹೋಗುವ ಸಾಹಸ ಎರಡೂ ಖಂಡಿತ ಬೇಡ. ಅಣೆಕಟ್ಟಿಲ್ಲದ ಹೊಳೆಯಲ್ಲಿ ನೀರು ಏರುವ ಮುನ್ನ ಸೈರನ್ ಹೊಡೆಯುವವರಿಲ್ಲ. ಶಿರಸಿಯಲ್ಲಿ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ಬಂದು ತಲುಪಬಹುದು. ತಂದ ತಿಂಡಿಯ ಕೊಟ್ಟೆ, ಬಾಟಲಿ ಎಲ್ಲವನ್ನೂ ಚೀಲದಲ್ಲೇ ವಾಪಸು ತನ್ನಿ. ಕಮರಿಗೆ ಬಿದ್ದ ಪ್ಲಾಸ್ಟಿಕ್ಕನ್ನು ಹೆಕ್ಕಲು ಯಾರಿಂದಲೂ ಆಗುವುದಿಲ್ಲ, ಅದು ನೇರವಾಗಿ ಅಳಿವೆಯ ಮೀನಿನ ಬಾಯಿಗೆ ಹೋಗುತ್ತದೆ.

ಮೂರನೆಯ ದಿನ: ಘಟ್ಟ ಇಳಿದು ಅಳಿವೆಗೆ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಮಳೆಗಾಲದಲ್ಲಿ ಕುಸಿತದಿಂದ ಈ ರಸ್ತೆ ಮುಚ್ಚುವುದುಂಟು. ಹೊರಡುವ ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಿ. ಘಟ್ಟದ ಕಾಡಿನಲ್ಲಿ ಅಘನಾಶಿನಿಯ ಉಪನದಿಯಾದ ಬೆಣ್ಣೆಹೊಳೆ ಹೆಸರಿಗೆ ತಕ್ಕಂತೆ ಬಿಳಿಯ ನೊರೆಯಾಗಿ ಬೀಳುವ ಜಲಪಾತವೊಂದಿದೆ. ಒಳದಾರಿ ಕಡಿದು, ಊರಿನವರ ಜೊತೆಯಿಲ್ಲದೆ ಬೇಡ.

ಯಾಣಕ್ಕೆ ಹೋಗುವವರು ಇದೇ ದಿನದ ಬೆಳಗ್ಗೆಯನ್ನು ಅದಕ್ಕಿಡಬಹುದು. ‘ರೊಕ್ಕಿದ್ದವ ಗೋಕರ್ಣಕ್ಕೆ, ಸೊಕ್ಕಿದ್ದವ ಯಾಣಕ್ಕೆ’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಅಲ್ಲಿಗೆ ಹೋಗಲು ನಿಜಕ್ಕೂ ಮೈಯಲ್ಲಿ ಕಸುವು ಬೇಕಿತ್ತು. ಈಗ ರಸ್ತೆ ಹತ್ತಿರದವರೆಗೆ ಬಂದಿದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಮತ್ತು 90 ಮೀಟರಿನ ಮೋಹಿನಿ ಶಿಖರ ಎರಡೂ ಕಪ್ಪು ಸುಣ್ಣಕಲ್ಲಿನವು. ಅಲ್ಲಿಂದ ಹರಿಯುವ ಚಂಡಿಹೊಳೆ ಉಪ್ಪಿನಪಟ್ಟಣದಲ್ಲಿ ಅಘನಾಶಿನಿಯನ್ನು ಸೇರುತ್ತದೆ. ಶಿವರಾತ್ರಿಯ ಹೊತ್ತಿನಲ್ಲಿ ಜನಜಂಗುಳಿಯಿರುತ್ತದೆ. ಶಾಂತಿ ಬೇಕೆಂದವರು ಆ ವಾರ ಬಿಟ್ಟು ಬನ್ನಿ. ಎರಡನ್ನೂ ಒಂದೇ ದಿನ ಹಿಡಿಸಲಾಗದಿದ್ದರೆ ನಾನು ಯಾಣವನ್ನು ಬಿಟ್ಟು ಅಳಿವೆಗೆ ಹೋಗುವವನು.

ಅಳಿವೆಯ ಮುಖದಲ್ಲಿ ನದಿಯ ಗುರುತೇ ಸಿಗುವುದಿಲ್ಲ. ಅರ್ಧ ದಿನ ಸಮುದ್ರ ಒಳಗೆ ಬರುತ್ತದೆ, ಅರ್ಧ ದಿನ ನದಿ ಹೊರಗೆ ಹೋಗುತ್ತದೆ. 2024ರಲ್ಲಿ ಈ ಅಳಿವೆಯನ್ನು ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಲಾಯಿತು. ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅದರ ಹಿಂದೆ ಗಜನಿ. ಉಪ್ಪುನೀರು ನುಗ್ಗುವ ಈ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿಯದು. ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಘಟ್ಟದ ಮೇಲೆ ತೋಟಕ್ಕೆ ಸೊಪ್ಪಿನ ಬೆಟ್ಟ ಹೇಗೋ ಇಲ್ಲಿ ಗಜನಿಗೆ ಕಾಂಡ್ಲಾ ಹಾಗೆ.

ಇಲ್ಲಿಗೆ ಬರುವಾಗ ಗಡಿಯಾರಕ್ಕಿಂತ ನೀರಿನ ಏರಿಳಿತ ಮುಖ್ಯ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದಿನ ಇಳಿತ ಎಷ್ಟು ಹೊತ್ತಿಗೆ ಎಂದು ಕುಮಟಾದ ಮೀನುಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಳಿತದ ಹೊತ್ತಿಗೆ ಬಂದರೆ ಹೆಂಗಸರೂ ಗಂಡಸರೂ ಎದೆಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ, ಮುಳುಗಿ ಬಳಚು ತೆಗೆಯುವುದನ್ನು ನೋಡಬಹುದು. ಪಕ್ಕದ ಮರಳದಿಣ್ಣೆಯ ಮೇಲೆ ಹಕ್ಕಿಗಳೂ ಅದೇ ಕೆಲಸದಲ್ಲಿರುತ್ತವೆ. ಬಳಚು ತೆಗೆಯುವುದು ಅವರ ಅಂದಿನ ದುಡಿಮೆ. ದಡದಲ್ಲಿ ನಿಂತು ನೋಡಿ, ನೀರಿಗಿಳಿದು ಅಡ್ಡಿಮಾಡಬೇಡಿ. ಕಾಂಡ್ಲಾದ ಕೆಸರಿನಲ್ಲಿ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ, ಅದರೊಳಗೂ ಇಳಿಯಬಾರದು.

ಸಮಯವಿದ್ದರೆ ಮಿರ್ಜಾನ್ ಕೋಟೆಗೆ ಹೋಗಿಬನ್ನಿ. ಕರಿಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಈ ಕೋಟೆ ಇದೇ ನದಿಯ ದಡಕ್ಕೆ ಹತ್ತಿರದಲ್ಲಿದೆ. ನೀವು ಮೊದಲ ದಿನ ತೋಟದಲ್ಲಿ ನೋಡಿದ ಮೆಣಸಿನ ಬಳ್ಳಿಯ ಫಸಲು ಆ ಕಾಲದಲ್ಲಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದುದು ಇಂಥ ಹೊಳೆಬಾಯಿಗಳಿಂದಲೇ.

ಕೊನೆಯದಾಗಿ, ತದಡಿಯಿಂದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿ ಹತ್ತಿ. ಶಾಲೆಯ ಮಕ್ಕಳು, ಮೀನಿನ ಬುಟ್ಟಿ, ಕೆಲವೊಮ್ಮೆ ಬೈಕು, ಎಲ್ಲ ಒಟ್ಟಿಗೆ ದಾಟುತ್ತವೆ. ದೋಣಿ ಹೊಳೆಯ ನಡುವಿಗೆ ಬಂದಾಗ ಒಂದು ಕಡೆ ಸಮುದ್ರದ ಬಾಯಿ, ಇನ್ನೊಂದು ಕಡೆ ದೂರದಲ್ಲಿ ನೀವು ಇಳಿದುಬಂದ ಘಟ್ಟದ ನೀಲಿ ಸಾಲು ಎರಡೂ ಕಾಣುತ್ತವೆ. ತದಡಿಗೆ ಬಂದ ಕೂಡಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಅಂಬಿಗರನ್ನು ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಕುಮಟಾ ನಿಲ್ದಾಣದ ರಾತ್ರಿಯ ರೈಲಿಗೆ ದೂರದ ಸುತ್ತುದಾರಿ ಹಿಡಿಯಬೇಕಾದೀತು.